ತಾತನ ಸೈಕಲ್, ಅಕ್ಕನ ಮೆಟ್ರೋ ಕಾರ್ಡ್: ಬೆಂಗಳೂರಲ್ಲಿ ಕೆಲಸ ಒಂದ್ಕಡೆ, ಮನೆ ಒಂದ್ಕಡೆ ಆಗಿದ್ದು ಹೇಗೆ?

1/4
ಫ್ರೆಂಡ್ಸ್, ಈ ಸಲದ ಫೋಟೋದಲ್ಲಿ ಇರೋದು ನಮ್ಮ ತಾತನ ಹಳೇ ಸೈಕಲ್. ತಾತ ಜಾಲಹಳ್ಳಿ ಕಡೆ ಒಂದು ಸರ್ಕಾರಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಿದ್ರು. ಕ್ವಾರ್ಟರ್ಸ್‌ನಿಂದ ಗೇಟಿಗೆ ಹತ್ತೇ ನಿಮಿಷ. ಮಧ್ಯಾಹ್ನ ಮನೆಗೆ ಬಂದು ಬಿಸಿ ಊಟ ಮಾಡಿ ಹೋಗ್ತಿದ್ರಂತೆ.

ಅಕ್ಕನ ಆಫೀಸ್ ಇರೋದು ವೈಟ್‌ಫೀಲ್ಡ್‌ನಲ್ಲಿ. ಬಸ್ಸು, ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಬದಲಿ, ಮತ್ತೆ ಆಟೋ. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ತಿಂಗಳಿಗೆ 22 ದಿನ ಅಂದ್ರೆ 88 ಗಂಟೆ! ಮುಂದಿನ ಭಾನುವಾರ ಅವಳು ಪಿಜಿಗೆ ಶಿಫ್ಟ್ ಆಗ್ತಿದ್ದಾಳೆ. ಇದೇ ಊರಲ್ಲಿ ಮನೆ ಇಟ್ಕೊಂಡು ಇದೇ ಊರಲ್ಲಿ ಪಿಜಿ ಯಾಕೆ ಅಂತ ಅಮ್ಮ ಕೇಳಿದ್ರು. ಉತ್ತರ ಹುಡುಕೋಕೆ ಹೋದ್ರೆ ಒಂದು ಇಡೀ ಇತಿಹಾಸ ಸಿಕ್ತು.

2/4
1940ರಲ್ಲಿ ಎಚ್‌ಎಎಲ್ ಶುರುವಾಯ್ತು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಇವೆಲ್ಲ ಆಗಿನ ಊರಿನ ಹೊರಗೆ ಬಂದವು. ಸುತ್ತ ಹೊಲ, ಬಯಲು. ಬಾಡಿಗೆಗೆ ಮನೆ ಎಲ್ಲಿ ಸಿಗಬೇಕು? ಹಾಗಾಗಿ ಫ್ಯಾಕ್ಟರಿ ಜೊತೆಗೇ ಕಾಲೊನಿ, ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲ ಕಟ್ಟಿದ್ರು. ದೂರವಾಣಿನಗರ ಅನ್ನೋ ಹೆಸರೇ ಐಟಿಐ ತಯಾರಿಸುತ್ತಿದ್ದ ಟೆಲಿಫೋನ್‌ನಿಂದ ಬಂದಿದ್ದು.

ಆದ್ರೆ ಅದು ಸ್ವರ್ಗ ಅಂತ ಹೇಳ್ತಿಲ್ಲ. ಕ್ವಾರ್ಟರ್ಸ್ ಎಲ್ಲರಿಗೂ ಸಾಕಾಗ್ತಿರಲಿಲ್ಲ. ಅದಕ್ಕೇ ಬೆಳಗ್ಗೆ ಊರಿನ ಮೂಲೆಮೂಲೆಯಿಂದ ಫ್ಯಾಕ್ಟರಿ ಬಸ್ಸುಗಳು ಓಡ್ತಿದ್ವು. ಕಾಂಟ್ರ್ಯಾಕ್ಟ್ ಕೆಲಸದವರಿಗೆ ಮನೆಯ ಆಸೆಯೇ ಇರಲಿಲ್ಲ. ರಿಟೈರ್ ಆದ್ರೆ ಬೀಗದ ಕೈ ವಾಪಸ್ ಕೊಡಬೇಕು. ತಾತನೂ ಕೊಟ್ರು. ಆಮೇಲೆ ಅಲ್ಲೇ ಹತ್ತಿರದಲ್ಲಿ ಕಟ್ಟಿದ ಚಿಕ್ಕ ಮನೆಯೇ ನಮ್ಮದು.

3/4
1976ರಲ್ಲಿ ಬಿಡಿಎ ಬಂತು. ಅದಕ್ಕೂ ಮೊದಲು 1945ರಿಂದ ಸಿಐಟಿಬಿ ಇತ್ತು. ಇವುಗಳ ದೊಡ್ಡ ಕೆಲಸ ಬಡಾವಣೆ ಮಾಡಿ ಸೈಟ್ ಹಂಚೋದು. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕು. ಸೈಟ್ ಸಿಗೋದು ಬಡಾವಣೆ ಎಲ್ಲಿ ಆಗುತ್ತೋ ಅಲ್ಲಿ, ನಿಮ್ಮ ಕೆಲಸ ಇರೋ ಕಡೆ ಅಲ್ಲ.

ಅದೇ 1970ರ ದಶಕದಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡ್ರು. ಹೊಸೂರು ರಸ್ತೆಯಲ್ಲಿ 332 ಎಕರೆ. 1991ರ ಉದಾರೀಕರಣ ಆದ್ಮೇಲೆ ಅಲ್ಲಿ ಸಾಫ್ಟ್‌ವೇರ್ ಕಂಪನಿಗಳು ತುಂಬಿಕೊಂಡವು. 1990ರ ದಶಕದಲ್ಲೇ ಸಿಂಗಪುರದ ಸಹಯೋಗದಲ್ಲಿ ವೈಟ್‌ಫೀಲ್ಡ್‌ಗೆ ಐಟಿಪಿಎಲ್ ಬಂತು. ಆಮೇಲೆ ಔಟರ್ ರಿಂಗ್ ರೋಡ್ ಉದ್ದಕ್ಕೂ ಗಾಜಿನ ಕಟ್ಟಡಗಳು.

ಮಾಸ್ಟರ್ ಪ್ಲ್ಯಾನ್ ನಕ್ಷೆ ನೋಡಿ. ಹಳದಿ ಅಂದ್ರೆ ವಸತಿ, ನೇರಳೆ ಅಂದ್ರೆ ಕೈಗಾರಿಕೆ. ಎರಡೂ ಬಣ್ಣ ಇರುತ್ತೆ. ಆದ್ರೆ ಈ ನೇರಳೆಯಲ್ಲಿ ಕೆಲಸ ಮಾಡೋರು ಯಾವ ಹಳದಿಯಲ್ಲಿ ಇರ್ತಾರೆ, ಅವರ ಸಂಬಳಕ್ಕೆ ಅಲ್ಲಿನ ಬಾಡಿಗೆ ಎಟುಕುತ್ತಾ ಅನ್ನೋದನ್ನ ಬಣ್ಣ ಹೇಳಲ್ಲ. ಟೆಕ್ ಪಾರ್ಕ್ ಎದುರು ದೊಡ್ಡ ಅಪಾರ್ಟ್‌ಮೆಂಟ್ ಇದೆ ನಿಜ. ಅದೇ ಪಾರ್ಕಿನ ಸೆಕ್ಯುರಿಟಿ ಅಣ್ಣ, ಹೌಸ್‌ಕೀಪಿಂಗ್ ಅಕ್ಕ ಅಲ್ಲಿ ಇರೋಕಾಗುತ್ತಾ? ಲೆಕ್ಕಕ್ಕೆ ಮನೆ ಇದ್ರೆ ಸಾಲದು, ಕೈಗೆಟುಕೋ ಮನೆ ಇರಬೇಕು.

4/4
ನಾವು ಬಿಕಾಂನವರು, ಕಾಸ್ಟ್ ಅಕೌಂಟಿಂಗ್ ಓದಿದ್ದೀವಿ. ಹಾಗೇ ನೋಡೋಣ. ತಾತನ ಕಾಲದಲ್ಲಿ ಕ್ವಾರ್ಟರ್ಸ್ ಖರ್ಚು, ಬಸ್ಸಿನ ಖರ್ಚು ಕಂಪನಿ ಪುಸ್ತಕದಲ್ಲೇ ಇರ್ತಿತ್ತು. ಈಗ ಅಕ್ಕನ 88 ಗಂಟೆ ಯಾರ ಬ್ಯಾಲೆನ್ಸ್ ಶೀಟಿನಲ್ಲೂ ಇಲ್ಲ. ಖರ್ಚು ಮಾಯವಾಗಿಲ್ಲ, ಅಕ್ಕನ ತಲೆ ಮೇಲೆ ಬಂದಿದೆ ಅಷ್ಟೆ.

ಹಾಗಂತ ಮತ್ತೆ ಕ್ವಾರ್ಟರ್ಸ್ ಕಟ್ಟಿದ್ರೆ ಸರಿಹೋಗಲ್ಲ. ತಾತ ಒಂದೇ ಕೆಲಸದಲ್ಲಿ ರಿಟೈರ್ ಆದ್ರು, ಅಕ್ಕ ಈಗಾಗಲೇ ಮೂರನೇ ಕಂಪನಿ. ಗಂಡ ಎಲೆಕ್ಟ್ರಾನಿಕ್ ಸಿಟಿಗೆ, ಹೆಂಡತಿ ಮಾನ್ಯತಾಗೆ ಹೋಗೋ ಮನೆಗಳೂ ಇವೆ. ಅವರಿಗೆ ‘ಹತ್ತಿರ’ ಅಂದ್ರೆ ಯಾವ ಕಡೆ? 2023ರಲ್ಲಿ ವೈಟ್‌ಫೀಲ್ಡ್‌ಗೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾರಿಗೆ ಮೆಟ್ರೋ ಬಂತು. ಒಳ್ಳೇದೇ. ಆದ್ರೆ ಆಫೀಸು ಬಂದು ದಶಕಗಳಾದ ಮೇಲೆ. ನನಗನ್ನಿಸೋದು ಇಷ್ಟೇ: ಹೊಸ ಟೆಕ್ ಪಾರ್ಕ್‌ಗೆ ಒಪ್ಪಿಗೆ ಕೊಡೋ ದಿನವೇ, ಎಲ್ಲ ಸಂಬಳದವರಿಗೂ ಸುತ್ತಮುತ್ತ ಬಾಡಿಗೆ ಮನೆ ಮತ್ತು ಬಸ್ಸು ಎಲ್ಲಿಂದ ಬರುತ್ತೆ ಅಂತಾನೂ ಬರೆದಿಡಬೇಕು.

ಭಾನುವಾರ ಅಕ್ಕನ ಸೂಟ್‌ಕೇಸ್ ಹೊತ್ತುಕೊಂಡು ಹೋಗೋದು ನಾನೇ. ಸೈಕಲ್‌ಗೆ ಗಾಳಿ ಹಾಕಿಸಿದ್ದೀನಿ, ಆದ್ರೆ ವೈಟ್‌ಫೀಲ್ಡ್ ತನಕ ತುಳಿಯೋಕಾಗಲ್ಲ ಬಿಡಿ 😅

ನಿಮ್ಮ ಮನೆಯಲ್ಲಿ ತಾತ, ಅಪ್ಪ, ನೀವು: ಯಾರ್ಯಾರ ಪ್ರಯಾಣ ಎಷ್ಟೆಷ್ಟು? ಕಾಮೆಂಟ್‌ನಲ್ಲಿ ಬರೀರಿ.

#ನಮ್ಮಬೆಂಗಳೂರು #ಊರಿನಲೆಕ್ಕ #ಇತಿಹಾಸ