ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನ ಮೊದಲ ಚಾಲನೆ

ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲೇ ಜೋಡಿಸಿದ ಕಂಪ್ಯೂಟರಿಗೆ ಮೊದಲ ಸಲ ಕರೆಂಟು ಕೊಟ್ಟಾಗಿನಿಂದ ಅದು ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಲು ಅಣಿಯಾಗುವವರೆಗಿನ ಹಂತ. ಕಂಪ್ಯೂಟರ್ ಜೋಡಿಸುವವರ ಮಾತಿನಲ್ಲಿ ‘ಡಿಸ್‌ಪ್ಲೇ ಬಂತು’ ಎಂದರೆ ಈ ಹಂತದ ಮುಖ್ಯ ಗಡಿ ದಾಟಿತು ಎಂದರ್ಥ. ಇಲ್ಲಿ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಭಾಗ ಕೆಟ್ಟಿದ್ದರಿಂದ ಬಂದವಲ್ಲ. ಯಾವುದೋ ಒಂದು ಸರಿಯಾಗಿ ಕೂತಿಲ್ಲದ್ದರಿಂದ ಅಥವಾ ಜೋಡಿಸಿದವರು ಕಾಯದೇ ಹೋದದ್ದರಿಂದ ಬಂದವು.

ಬೆಂಗಳೂರಿನಲ್ಲಿ ಬಿಡಿಭಾಗಗಳ ದೊಡ್ಡ ಪೇಟೆ ಟೌನ್‌ಹಾಲ್ ಸಮೀಪದ ಸಾದರಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆ. ಆರ್.ಟಿ. ನಗರ, ಗಂಗಾನಗರ, ಸುಲ್ತಾನ್‌ಪಾಳ್ಯದ ಕಡೆಯವರು ಸಾಮಾನು ತರಲು ಅಲ್ಲಿಗೆ ಹೋಗುವುದು ವಾಡಿಕೆ. ಮೊದಲ ಚಾಲನೆಯ ಅರ್ಧ ಕೆಲಸ ಸಾಮಾನು ಕೊಳ್ಳುವ ಅಂಗಡಿಯಲ್ಲೇ ಆಗಬೇಕು. ಪ್ರೊಸೆಸರ್ ಕೂರಿಸುವ ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನಲ್ಲಿ 1700, ಎಎಂಡಿಯ ಎಎಂ5 ಸಾಕೆಟ್‌ನಲ್ಲಿ 1718 ಸೂಕ್ಷ್ಮ ಪಿನ್ನುಗಳಿರುತ್ತವೆ. ಅವುಗಳಲ್ಲಿ ಒಂದು ಬಾಗಿದ್ದರೂ ಸಾಕು, ಕಂಪ್ಯೂಟರ್ ಏಳದೇ ಹೋಗಬಹುದು. ಬಾಗಿದ ಪಿನ್ನನ್ನು ಗ್ರಾಹಕರೇ ಮಾಡಿದ ಹಾನಿ ಎಂದು ಪರಿಗಣಿಸಿ ವಾರಂಟಿ ನಿರಾಕರಿಸುವುದು ಸಾಮಾನ್ಯ. ಆದ್ದರಿಂದ ಮದರ್‌ಬೋರ್ಡಿನ ಡಬ್ಬಿಯನ್ನು ಅಂಗಡಿಯವರ ಎದುರಿಗೇ ಬಿಚ್ಚಿಸಿ, ಸಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳಬೇಕು.

ಮನೆಯಲ್ಲಿ ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್ಟನ್ನು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥಿಂಗ್ ತಂತಿ ಇಲ್ಲದಿರುವುದುಂಟು. ಹಾಗಿದ್ದಾಗ ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ (ಭಾಗಗಳಿಗೆ ಕರೆಂಟು ಒದಗಿಸುವ ಪೆಟ್ಟಿಗೆ) ಒಳಗೆ ವಿದ್ಯುತ್ ಗದ್ದಲ ಸೋಸಲು ಇಟ್ಟಿರುವ ಕೆಪಾಸಿಟರುಗಳ ಮೂಲಕ, 230 ವೋಲ್ಟಿನ ಸುಮಾರು ಅರ್ಧದಷ್ಟು ಒತ್ತಡ ಲೋಹದ ಮೈಮೇಲೆ ನಿಲ್ಲುವುದೇ ಇದಕ್ಕೆ ಕಾರಣ. ಹರಿಯುವ ಕರೆಂಟು ಬಹಳ ಕಡಿಮೆ. ಆದರೂ ಇದು ‘ಎಲ್ಲ ಕಂಪ್ಯೂಟರಿಗೂ ಇರೋದೇ’ ಎಂದು ಬಿಟ್ಟುಬಿಡುವ ವಿಷಯವಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ಸರಿಮಾಡಿಸಿದ ಮೇಲೆಯೇ ಮುಂದುವರಿಯಬೇಕು.

ಎಸ್‌ಎಂಪಿಎಸ್‌ನ ಹಿಂದಿನ ಸ್ವಿಚ್ ಹಾಕಿದ ಕೂಡಲೇ ಬೋರ್ಡಿಗೆ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟು ಹೋಗುತ್ತದೆ. ಕೆಲವು ಬೋರ್ಡುಗಳಲ್ಲಿ ಒಂದು ಸಣ್ಣ ದೀಪ ಹತ್ತುತ್ತದೆ. ಕ್ಯಾಬಿನೆಟ್ಟಿನ ಪವರ್ ಬಟನ್ ಮಾಡುವುದು ಬೋರ್ಡಿನ ಎರಡು ಪಿನ್ನುಗಳನ್ನು ಕ್ಷಣಕಾಲ ಕೂಡಿಸುವ ಕೆಲಸವನ್ನಷ್ಟೇ. ಆಗ ಫ್ಯಾನುಗಳು ಜೋರಾಗಿ ತಿರುಗಿ ನಿಧಾನಗೊಳ್ಳುತ್ತವೆ. ಬೋರ್ಡು ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. 1981ರ ಐಬಿಎಂ ಪಿಸಿ ಈ ಪರೀಕ್ಷೆ ಮುಗಿದದ್ದನ್ನು ಒಂದು ಚಿಕ್ಕ ಬೀಪ್‌ನಿಂದ ತಿಳಿಸುತ್ತಿತ್ತು. ಈಗಿನ ಬಹಳಷ್ಟು ಜೋಡಣೆಗಳಲ್ಲಿ ಆ ಸ್ಪೀಕರೇ ಇರುವುದಿಲ್ಲ. ಅದರ ಬದಲು ಕೆಲವು ಬೋರ್ಡುಗಳು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ದೀಪಗಳಿಂದ ತೊಡಕು ಎಲ್ಲಿದೆ ಎಂದು ತೋರಿಸುತ್ತವೆ.

ಇಲ್ಲಿಯೇ ಹೊಸಬರು ಗಾಬರಿಯಾಗುವುದು. ಡಿಡಿಆರ್5 ರ‍್ಯಾಮ್ ಇರುವ ಬೋರ್ಡುಗಳು, ಅದರಲ್ಲೂ 2022ರಲ್ಲಿ ಬಂದ ಎಎಂ5 ಬೋರ್ಡುಗಳು, ಮೊದಲ ಸಲ ರ‍್ಯಾಮಿನ ಸಂಕೇತಗಳ ಸಮಯವನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ, ಡಿರ‍್ಯಾಮ್ ದೀಪ ಉರಿಯುತ್ತಿರುತ್ತದೆ, ಕಂಪ್ಯೂಟರ್ ತಾನಾಗಿ ಆರಿ ಮತ್ತೆ ಹತ್ತುವುದೂ ಉಂಟು. ಈ ನಡುವೆ ಸ್ವಿಚ್ ಆರಿಸಿದರೆ ಹೊಂದಾಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹತ್ತು ಹದಿನೈದು ನಿಮಿಷ ಕೈಕಟ್ಟಿ ಕೂರುವುದೇ ಸರಿಯಾದ ಕ್ರಮ. ಸುಟ್ಟ ವಾಸನೆ, ಹೊಗೆ, ಚಟಚಟ ಸದ್ದು ಬಂದರೆ ಮಾತ್ರ ಕಾಯದೆ ಗೋಡೆಯ ಸ್ವಿಚ್ಚನ್ನೇ ಆರಿಸಬೇಕು.

ಅಷ್ಟು ಕಾದರೂ ಡಿಸ್‌ಪ್ಲೇ ಬರದಿದ್ದರೆ ಮೊದಲು ಮಾನಿಟರ್ ಕೇಬಲ್ ನೋಡಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಕೇಬಲನ್ನು ಆ ಕಾರ್ಡಿಗೇ ಸಿಕ್ಕಿಸಬೇಕು. ಇಂಟೆಲ್‌ನ ‘ಎಫ್’ ಅಕ್ಷರದ ಪ್ರೊಸೆಸರುಗಳಿಗೆ ಸ್ವಂತ ಗ್ರಾಫಿಕ್ಸ್ ಇಲ್ಲದ್ದರಿಂದ ಬೋರ್ಡಿನ ಎಚ್‌ಡಿಎಂಐ ಕೆಲಸ ಮಾಡುವುದಿಲ್ಲ. 24 ಪಿನ್ನಿನ ದೊಡ್ಡ ಕನೆಕ್ಟರ್ ಎಲ್ಲರಿಗೂ ಕಾಣುತ್ತದೆ, ಬೋರ್ಡಿನ ಮೇಲಿನ ಮೂಲೆಯ 8 ಪಿನ್ನಿನ ಪ್ರೊಸೆಸರ್ ಕನೆಕ್ಟರ್ ಮರೆತುಹೋಗುತ್ತದೆ. ರ‍್ಯಾಮನ್ನು ‘ಟಕ್’ ಎನ್ನುವವರೆಗೆ ಒತ್ತಬೇಕು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಒಂದೇ ಕಡ್ಡಿಯನ್ನು, ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟಿಗೆ ಹಾಕಿ ನೋಡಬೇಕು. ಪ್ರತಿ ಬದಲಾವಣೆಗೂ ಮುನ್ನ ಪ್ಲಗ್ ಕಳಚಿರಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ಹಳೆಯದಾಗಿದ್ದರೆ ಅದು ಹೊಸ ಪ್ರೊಸೆಸರನ್ನು ಗುರುತಿಸದೇ ಹೋಗಬಹುದು. ಮಾರಿದ ಅಂಗಡಿಯಲ್ಲೇ ಅದನ್ನು ಅಪ್‌ಡೇಟ್ ಮಾಡಿಸುವುದು ಲೇಸು.

ಡಿಸ್‌ಪ್ಲೇ ಬಂದು ‘ಬೂಟ್ ಡಿವೈಸ್ ಇಲ್ಲ’ ಎಂದರೆ ಅದು ಒಳ್ಳೆಯ ಸುದ್ದಿ. ಯಂತ್ರಾಂಶ ಎದ್ದಿದೆ, ಡಿಸ್ಕ್ ಇನ್ನೂ ಖಾಲಿ ಇದೆ, ಅಷ್ಟೆ. ಬಯಾಸ್‌ನಲ್ಲಿ ದಿನಾಂಕ ತಿದ್ದಿ ಪ್ರೊಸೆಸರಿನ ಬಿಸಿ ನೋಡಬೇಕು. 80 ಡಿಗ್ರಿ ಸೆಲ್ಸಿಯಸ್ ದಾಟಿ ಏರುತ್ತಲೇ ಇದ್ದರೆ ಕೂಲರ್ ಸರಿಯಾಗಿ ಕೂತಿಲ್ಲ ಅಥವಾ ಅದರ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿಲ್ಲ. 6000 ವೇಗದ ರ‍್ಯಾಮ್ 4800 ಎಂದು ಕಂಡರೆ ಮೋಸವಲ್ಲ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಸೆಟ್ಟಿಂಗ್ ಆಯ್ಕೆ ಮಾಡಿದ ಮೇಲೆ ಪೂರ್ಣ ವೇಗ ಬರುತ್ತದೆ. ಆಗ ಟ್ರೈನಿಂಗ್ ಮತ್ತೊಮ್ಮೆ ನಡೆಯುತ್ತದೆ.

ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕರೆಂಟು ಹೋಗುವ ಸಂಜೆಗಳಲ್ಲಿ ಬಯಾಸ್ ಅಪ್‌ಡೇಟಿಗೆ ಕೈಹಾಕಬಾರದು. ನಡುವೆ ಕರೆಂಟು ಹೋದರೆ ಬೋರ್ಡೇ ಏಳದೇ ಹೋಗಬಹುದು. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದನ್ನೇ ಆಯ್ಕೆ ಮಾಡಿಕೊಳ್ಳಬೇಕು. ಏಕೆಂದರೆ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲಿ ಕರೆಂಟಿಲ್ಲದೆ ತಾಳುವುದು ಸುಮಾರು 16 ಮಿಲಿಸೆಕೆಂಡು ಮಾತ್ರ, ಅಷ್ಟರೊಳಗೆ ಇನ್ವರ್ಟರಿನ ಕರೆಂಟು ಬಂದುಬಿಡಬೇಕು.

ವಿಂಡೋಸ್ 11 ಹಾಕುವಾಗ ವೈಫೈ ಡ್ರೈವರ್ ಸಿಗದೆ ಕೆಲಸ ನಿಂತರೆ ಮೊಬೈಲನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಇಂಟರ್ನೆಟ್ ಕೊಡಬಹುದು. 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಾಣುವುದು ಲೆಕ್ಕದ ರೀತಿ ಬೇರೆಯಾದ್ದರಿಂದ. ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿಂಡೋಸ್‌ನಲ್ಲೇ ಇದೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಸೇರಿಸಿಕೊಂಡರಾಯಿತು. ಬಿಲ್ಲುಗಳನ್ನೂ ಸೀರಿಯಲ್ ನಂಬರಿನ ಚೀಟಿ ಇರುವ ಡಬ್ಬಿಗಳನ್ನೂ ವಾರಂಟಿ ಮುಗಿಯುವವರೆಗೆ ಎಸೆಯದಿರಿ.