ಏಳದ ಕಂಪ್ಯೂಟರನ್ನು ಎಬ್ಬಿಸಿದ ಕಥೆ



2024ರ ಜುಲೈ 19ರಂದು ವಿಮಾನ ಹಿಡಿಯಲು ಹೊರಟಿದ್ದವರಿಗೆ ಆ ಶುಕ್ರವಾರ ಚೆನ್ನಾಗಿ ನೆನಪಿರುತ್ತದೆ. ದೆಹಲಿಯಲ್ಲಿ, ಮುಂಬೈಯಲ್ಲಿ ಚೆಕ್-ಇನ್ ಸಾಲುಗಳು ಹನುಮಂತನ ಬಾಲದಂತೆ ಬೆಳೆದವು. ಹೈದರಾಬಾದಿನಲ್ಲಂತೂ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದೇ ಒಂದು ದೋಷದ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿಬಿಟ್ಟಿದ್ದವು.

ಪರಿಹಾರವೇನೋ ಸುಲಭ: ಆ ಕಡತವನ್ನು ಅಳಿಸಬೇಕು, ಅಷ್ಟೇ. ಆದರೆ ಅಳಿಸಲು ಯಂತ್ರ ಏಳಬೇಕು. ಏಳಲು ಆ ಕಡತವೇ ಬಿಡುತ್ತಿಲ್ಲ. ಕೊನೆಗೆ ಮೈಕ್ರೋಸಾಫ್ಟ್ ಕೊಟ್ಟ ಉಪಾಯಗಳಲ್ಲೊಂದು ಯಾವುದು ಗೊತ್ತೇ? ಒಂದು ಪೆನ್‌ಡ್ರೈವ್. ಅದನ್ನು ಚುಚ್ಚಿ, ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಒಳಗಿನ ಕಡತವನ್ನು ತೆಗೆದುಹಾಕುವುದು. ಹೀಗೆ ಒಂದೊಂದೇ ಯಂತ್ರದ ಮುಂದೆ ಕೂತು ಮಾಡಬೇಕು. ಹೊರಗಿನಿಂದ ಬಂದು ಯಂತ್ರವನ್ನು ಎಬ್ಬಿಸುವ ಈ ಪುಟ್ಟ ಕಡ್ಡಿಗೆ ಎಪ್ಪತ್ತು ವರ್ಷಗಳ ವಂಶಾವಳಿಯಿದೆ. ಇಂದು ಅದನ್ನೇ ನಿಮಗೆ ಹೇಳುತ್ತೇನೆ.

‘ಬೂಟ್’ ಎಂಬ ಪದ ಬಂದದ್ದು ನಮ್ಮ ಕಾಲಿನ ಬೂಟಿನಿಂದಲೇ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೇಳುವುದು ಎಂಬ ಅಸಾಧ್ಯದ ಮಾತು ಇಂಗ್ಲಿಷಿನಲ್ಲಿದೆ. ಎಷ್ಟೇ ಚತುರ ನಟನೂ ತನ್ನ ಹೆಗಲನ್ನು ತಾನೇ ಏರಲಾರ ಎಂದು ನಮ್ಮವರು ಹೇಳುವುದಿಲ್ಲವೇ, ಹಾಗೆ. ಕಂಪ್ಯೂಟರಿನ ಪಾಡೂ ಅದೇ. ಪ್ರೋಗ್ರಾಮ್ ಓದಿಕೊಳ್ಳಲು ಅದಕ್ಕೆ ಇನ್ನೊಂದು ಪ್ರೋಗ್ರಾಮ್ ಬೇಕು. ಆ ಮೊದಲನೆಯದನ್ನು ಓದುವವರು ಯಾರು? 1952ರಲ್ಲಿ ಪ್ರಕಟವಾದ ಐಬಿಎಂ 701 ಯಂತ್ರದಲ್ಲಿ ಇದಕ್ಕೆಂದೇ ‘ಲೋಡ್’ ಎಂಬ ಗುಂಡಿಯಿತ್ತು. ಒತ್ತಿದರೆ ರಂಧ್ರದ ಕಾರ್ಡಿನಿಂದಲೋ ಟೇಪಿನಿಂದಲೋ ಮೊದಲ ಪದ ಒಳಗೆ ಬರುತ್ತಿತ್ತು, ಅದು ಉಳಿದದ್ದನ್ನು ಕರೆತರುತ್ತಿತ್ತು. 1975ರಲ್ಲಿ ಪಾಲ್ ಆಲೆನ್, ತಾವೂ ಬಿಲ್ ಗೇಟ್ಸ್‌ರೂ ಸಿದ್ಧಪಡಿಸಿದ ಬೇಸಿಕ್ ಭಾಷೆಯನ್ನು ಆಲ್ಟೇರ್ ಯಂತ್ರದಲ್ಲಿ ತೋರಿಸಲು ವಿಮಾನದಲ್ಲಿ ಹೊರಟಿದ್ದರು. ಟೇಪಿನಿಂದ ಅದನ್ನು ಒಳಗೆ ಕರೆತರುವ ಆರಂಭದ ಪ್ರೋಗ್ರಾಮನ್ನೇ ಬರೆದಿಲ್ಲ ಎಂಬುದು ಹೊಳೆದದ್ದು ವಿಮಾನ ಇಳಿಯುವ ಹೊತ್ತಿಗೆ! ಕೂತಲ್ಲೇ ಕಾಗದದ ಮೇಲೆ ಬರೆದು ಮುಗಿಸಿದರು.

ನನಗೆ ಈ ಇತಿಹಾಸದಲ್ಲಿ ಬಹಳ ಇಷ್ಟವಾದದ್ದು ಫ್ಲಾಪಿಯ ಹುಟ್ಟು. ಪತ್ರ, ಲೆಕ್ಕ ಇಟ್ಟುಕೊಳ್ಳಲು ಫ್ಲಾಪಿ ಬಂತೆಂದು ನಾವೆಲ್ಲ ತಿಳಿದಿದ್ದೇವೆ. ಅಲ್ಲ, ಅದು ಹುಟ್ಟಿದ್ದೇ ಯಂತ್ರವನ್ನು ಎಬ್ಬಿಸಲು. ಹಳೆಯ ಕಂಪ್ಯೂಟರುಗಳ ಕಾಂತೀಯ ಸ್ಮೃತಿ ವಿದ್ಯುತ್ ಹೋದರೂ ಮರೆಯುತ್ತಿರಲಿಲ್ಲ. ಅರೆವಾಹಕದ ಹೊಸ ಸ್ಮೃತಿಯಾದರೋ ಸ್ವಿಚ್ ಆರಿಸಿದೊಡನೆ ಎಲ್ಲವನ್ನೂ ಮರೆತುಬಿಡುತ್ತಿತ್ತು. ಹಾಗಾಗಿ ಸಿಸ್ಟಮ್/370 ಯಂತ್ರಗಳಿಗೆ ಪ್ರತಿ ಸಲವೂ ಮೂಲ ಸೂಚನೆಗಳನ್ನು ತುಂಬಬೇಕು. ಅವನ್ನು ತಿದ್ದಿದಾಗ ಗ್ರಾಹಕರಿಗೆ ಅಗ್ಗವಾಗಿ ಕಳಿಸಲೂ ಬೇಕು. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಡೇವಿಡ್ ನೋಬಲ್ ಮತ್ತು ಸಂಗಡಿಗರು ಇದಕ್ಕಾಗಿ ರೂಪಿಸಿ 1971ರಲ್ಲಿ ಹೊರತಂದದ್ದೇ 8 ಇಂಚಿನ ಬಳುಕುವ ತಟ್ಟೆ. ಹಿಡಿಸುತ್ತಿದ್ದದ್ದು ಸುಮಾರು 80 ಕಿಲೋಬೈಟ್. ಬರೆಯಲು ಬಾರದು, ಓದಲು ಮಾತ್ರ. ಜನ ಅದರಲ್ಲಿ ತಮ್ಮ ಕಡತ ಇಡಲು ಶುರುಮಾಡಿದ್ದು ಆಮೇಲೆ.

1981ರ ಐಬಿಎಂ ಪಿಸಿಯ ಹೊತ್ತಿಗೆ ಕ್ರಮ ಗಟ್ಟಿಯಾಯಿತು: ಯಂತ್ರ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದಿ, ಅಲ್ಲಿ ಬರೆದದ್ದನ್ನು ಕಣ್ಣುಮುಚ್ಚಿ ನಂಬುತ್ತದೆ. ಈ ನಂಬಿಕೆಯ ಮೇಲೆಯೇ 1986ರಲ್ಲಿ ಲಾಹೋರಿನ ಇಬ್ಬರು ಸಹೋದರರ ‘ಬ್ರೈನ್’ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟಿತು. ನಮ್ಮ ಶಾಲೆಯ ಲ್ಯಾಬಿನಲ್ಲಿ ಕಾಲಿನ ಬೂಟನ್ನು ಹೊರಗೆ ಬಿಟ್ಟು, ಒಳಗೆ ಹೋಗಿ ಕಂಪ್ಯೂಟರನ್ನು ಬೂಟ್ ಮಾಡುತ್ತಿದ್ದೆವು. ನೀವೂ ಹಾಗೇ ಮಾಡಿರಬೇಕು!

1995ರಲ್ಲಿ ಸಿ.ಡಿ.ಗೂ ಈ ವಿದ್ಯೆ ಬಂತು. ಆ ನಿಯಮಾವಳಿಯ ಹೆಸರು ‘ಎಲ್ ಟೊರಿಟೊ’, ಕ್ಯಾಲಿಫೋರ್ನಿಯದ ಒಂದು ಹೋಟೆಲಿನ ಹೆಸರು. ಸಿ.ಡಿ. ತಾನೊಂದು ಫ್ಲಾಪಿ ಎಂದು ವೇಷ ಹಾಕಿ ಯಂತ್ರವನ್ನು ನಂಬಿಸುವ ಉಪಾಯವೂ ಅದರಲ್ಲಿತ್ತು. 2000ದಲ್ಲಿ ಜರ್ಮನಿಯ ಕ್ಲಾಸ್ ನಾಪರ್ ‘ನಾಪಿಕ್ಸ್’ ಹೊರತಂದರು. ಹಾರ್ಡ್‌ಡಿಸ್ಕನ್ನು ಮುಟ್ಟದೆ, ಇಡೀ ಲಿನಕ್ಸ್ ಒಂದು ಸಿ.ಡಿ.ಯಿಂದಲೇ ಓಡುತ್ತಿತ್ತು. ಅದೇ ವರ್ಷ ಪೆನ್‌ಡ್ರೈವ್ ಮಾರುಕಟ್ಟೆಗೆ ಬಂತು. ಐಬಿಎಂ ಮಾರಿದ ‘ಡಿಸ್ಕ್‌ಆನ್‌ಕೀ’ಯಲ್ಲಿ ಇದ್ದದ್ದು ಬರೀ 8 ಮೆಗಾಬೈಟ್. ಇದು ಫ್ಲಾಪಿಗೆ ತದ್ವಿರುದ್ಧ. ಕಡತ ಹೊರಲೆಂದು ಹುಟ್ಟಿ, ಯಂತ್ರ ಎಬ್ಬಿಸುವುದನ್ನು ನಿಧಾನವಾಗಿ ಕಲಿಯಿತು. ಸಿ.ಡಿ. ಗೂಡೇ ಇಲ್ಲದ ಪುಟ್ಟ ಲ್ಯಾಪ್‌ಟಾಪುಗಳು 2007ರ ಸುಮಾರಿಗೆ ಬಂದ ಮೇಲೆ ಅದಕ್ಕೆ ಬೇರೆ ದಾರಿಯೂ ಇರಲಿಲ್ಲ. 2011ರಲ್ಲಿ ಪೀಟ್ ಬಟಾರ್ಡ್ ‘ರೂಫಸ್’ ಎಂಬ ಪುಟ್ಟ ಉಚಿತ ತಂತ್ರಾಂಶ ಬರೆದರು. ಇಂಥದ್ದೊಂದು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಇಳಿಸಿಕೊಂಡ ಐಎಸ್‌ಒ ಕಡತವನ್ನು ಹಾಗೆಯೇ ಪೆನ್‌ಡ್ರೈವಿಗೆ ಎಳೆದು ಹಾಕುವುದು, ಹೋಳಿಗೆಯ ಡಬ್ಬಿಯನ್ನು ಬಿಚ್ಚದೆ ಬಾಳೆಲೆಯ ಮೇಲಿಟ್ಟಂತೆ. ಬಿಚ್ಚಿ, ಯಂತ್ರ ಹುಡುಕುವ ಜಾಗದಲ್ಲೇ ಬಡಿಸಬೇಕು.

ಇನ್ನು ಡಿಸ್ಕಿನ ಇಮೇಜ್. ಕಡತಗಳನ್ನು ಆರಿಸಿ ನಕಲು ಮಾಡದೆ ಇಡೀ ಡಿಸ್ಕನ್ನು ಅಚ್ಚು ಹಾಕಿದಂತೆ ಒಂದೇ ಕಡತವಾಗಿ ತೆಗೆದಿಡುವುದು. 1970ರ ದಶಕದ ಯುನಿಕ್ಸ್‌ನಲ್ಲೇ ಇದಕ್ಕೆ ‘ಡಿಡಿ’ ಎಂಬ ಆದೇಶವಿತ್ತು. ಎಲ್ಲಿಂದ, ಎಲ್ಲಿಗೆ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕಿನ ನಕಲು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಬಳಸುವವರು ಅದನ್ನು ‘ಡಿಸ್ಕ್ ಡಿಸ್ಟ್ರಾಯರ್’ ಎಂದು ತಮಾಷೆ ಮಾಡುವುದು ಸುಮ್ಮನೆ ಅಲ್ಲ. ಪಿಸಿ ಲೋಕಕ್ಕೆ ಈ ಕೆಲಸವನ್ನು ತಂದದ್ದು ನ್ಯೂಜಿಲೆಂಡಿನ ಮರ್ರಿ ಹಾಜರ್ಡ್ ಬರೆದ ‘ಘೋಸ್ಟ್’. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡುಕೊಂಡಿತು. ಲ್ಯಾಮಿಂಗ್ಟನ್ ರಸ್ತೆ, ನೆಹರೂ ಪ್ಲೇಸ್, ರಿಚ್ಚಿ ಸ್ಟ್ರೀಟ್, ನಮ್ಮ ಎಸ್.ಪಿ. ರೋಡ್, ಎಲ್ಲಿಯ ಹುಡುಗರ ಬಾಯಲ್ಲೂ ‘ಘೋಸ್ಟ್ ಹಾಕು’ ಎಂಬ ಮಾತಿತ್ತು. ಮನೆಬಳಕೆಯ ಘೋಸ್ಟ್ 2013ರಲ್ಲಿ ನಿಂತಿತು. ತೈವಾನಿನವರ ‘ಕ್ಲೋನ್‌ಜಿಲ್ಲಾ’ ಇಂದು ಅದೇ ಕೆಲಸವನ್ನು ಉಚಿತವಾಗಿ ಮಾಡುತ್ತದೆ.

ಇಮೇಜ್ ಯಂತ್ರವನ್ನು ಅದನ್ನು ತೆಗೆದ ದಿನಕ್ಕೆ ಒಯ್ಯುತ್ತದೆ, ಒಂದು ದಿನವೂ ಮುಂದಕ್ಕಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪರದೆಯ ಮೇಲೆ ಕನ್ನಡ ಸರಿಯಾಗಿ ಮೂಡಬೇಕಾದರೆ ಕಂಟ್ರೋಲ್ ಪ್ಯಾನೆಲಿನಲ್ಲಿ ಗುರುತು ಹಾಕಬೇಕಿತ್ತು, ಆಗ ಅದು ಮೂಲ ಸಿ.ಡಿ. ಕೇಳುತ್ತಿತ್ತು. ಅಂಗಡಿಯವರು ತಮ್ಮ ಇಮೇಜ್ ಹಾಕಿ ಹಿಂದಿರುಗಿಸಿದ ಯಂತ್ರದಲ್ಲಿ ಕನ್ನಡದ ಬದಲು ಬರೀ ಚೌಕಗಳು! ಮುಂಬೈಯಲ್ಲಿ, ದೆಹಲಿಯಲ್ಲಿ ಅದೇನೆಂದು ಯಾರಿಗೆ ವಿವರಿಸುವುದು? ಚೌಕಗಳು ಹೋಗಲಿ, ಅವು ಮತ್ತೆ ಅಕ್ಷರವಾದಾವು. ಊರಿನಿಂದ ಬಂದಾಗ ಅಜ್ಜಿ ಹೇಳಿದ ಸೋಬಾನೆ ಪದವನ್ನು ರೆಕಾರ್ಡ್ ಮಾಡಿಟ್ಟಿದ್ದರೆ ಅದೂ ಹೋಯಿತು.

ಆದ್ದರಿಂದ ‘ಏಳ್ತಾ ಇಲ್ಲ, ಫಾರ್ಮ್ಯಾಟ್ ಮಾಡ್ಬೇಕು’ ಎಂದು ಯಾರಾದರೂ ಹೇಳಿದಾಗ, ಸ್ವಲ್ಪ ತಡೆಯಿರಿ ಎನ್ನಿ. ಎಷ್ಟೋ ಸಲ ಮಲಗಿರುವುದು ವಿಂಡೋಸ್ ಮಾತ್ರ, ಡಿಸ್ಕ್ ಅಲ್ಲ. ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಎಬ್ಬಿಸಿದರೆ ಅಜ್ಜಿಯ ದನಿಯನ್ನು ಮೊದಲು ಬೇರೆ ಡಿಸ್ಕಿಗೆ ಎತ್ತಿಕೊಳ್ಳಬಹುದು. ಡಿಸ್ಕೇ ಕರಕರ ಸದ್ದು ಮಾಡುತ್ತಿದ್ದರೆ ಮಾತ್ರ ಕೂಡಲೇ ಆರಿಸಿ, ಬಲ್ಲವರ ಕೈಗೆ ಕೊಡಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿಯೂ ಬೇಕಾದೀತು. 2024ರ ಆ ಶುಕ್ರವಾರ ಎಷ್ಟೋ ಕಚೇರಿಗಳು ಪೆನ್‌ಡ್ರೈವ್ ಕೈಯಲ್ಲಿದ್ದೂ ತಡವರಿಸಿದ್ದು ಈ ಕೀಲಿಗಾಗಿ. ಅದನ್ನು ಕಾಗದದ ಮೇಲೆ ಬರೆದು ಗಾಡ್ರೇಜ್ ಬೀರುವಿನಲ್ಲಿಡಿ. ಇಮೇಜನ್ನು ಅದೇ ಲ್ಯಾಪ್‌ಟಾಪಿನ ಒಳಗೆ ಇಡಬೇಡಿ, ಹೊರಗಿನ ಡಿಸ್ಕಿನಲ್ಲಿಡಿ. ಮಾಡಿಟ್ಟ ಪೆನ್‌ಡ್ರೈವಿನಿಂದ, ಯಂತ್ರ ಚೆನ್ನಾಗಿರುವಾಗಲೇ ಒಂದು ಭಾನುವಾರ ಎಬ್ಬಿಸಿ ನೋಡಿ.