ಮದುವೆ ಕ್ಯಾಸೆಟ್ಟಿನ ಆಯಸ್ಸು

1976ರಲ್ಲಿ ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮಲ್ಲಿ ಬಣ್ಣದ ಟಿವಿ ಬಂತು. ಬೆನ್ನಿಗೇ ವಿಸಿಆರ್, ಆಮೇಲೆ ಮದುವೆ ಮನೆಗೆ ವಿಡಿಯೋದವರು. ಊರು ಬಿಟ್ಟು ಮುಂಬೈ, ಚೆನ್ನೈ ಸೇರಿದ ಎಷ್ಟೋ ಮನೆಗಳಲ್ಲಿ ಧಾರೆ, ಉಪನಯನ, ಅಜ್ಜಿಯ ದನಿ ಉಳಿದಿರುವುದು ಈ ಟೇಪುಗಳಲ್ಲೇ.

ಟೇಪೆಂದರೆ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಂಟಿನಿಂದ ಕೂರಿಸಿದ ಕಾಂತೀಯ ಪುಡಿ. ಕಡಲ ತೀರದ ತೇವಕ್ಕೆ ಅಂಟು ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಅಂಥದ್ದನ್ನು ಶುಚಿ ಮಾಡದೆ ಓಡಿಸಿದರೆ ವಿಸಿಆರ್‌ನ ಹೆಡ್ಡೂ ಕೊಳೆಯಾಗುತ್ತದೆ. ಟೇಪು ಗಟ್ಟಿಯಾಗಿದ್ದರೂ ಓಡಿಸುವ ಯಂತ್ರ ಸಿಗಬೇಕಲ್ಲ? ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಬಿಟ್ಟಿತು.

ಕೆಲಸವೇನೋ ಸರಳ. ವಿಸಿಆರ್‌ನ ಹಳದಿ, ಕೆಂಪು, ಬಿಳಿ ವೈರುಗಳನ್ನು ಕ್ಯಾಪ್ಚರ್ ಸಾಧನಕ್ಕೆ ಸಿಕ್ಕಿಸಿ, ಅದನ್ನು ಕಂಪ್ಯೂಟರಿಗೆ ಜೋಡಿಸಬೇಕು. ನಮ್ಮ ಟೇಪುಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಚಿತ್ರ. ಸಾಫ್ಟ್‌ವೇರಿನಲ್ಲೂ ಅದನ್ನೇ ಆರಿಸಬೇಕು. ಅವಸರ ಮಾತ್ರ ನಡೆಯದು: ಮೂರು ಗಂಟೆಯ ಮದುವೆಗೆ ಮೂರು ಗಂಟೆಯೇ ಬೇಕು.

ಆ ಮೂರು ಗಂಟೆ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಹೆಸರುಗಳನ್ನು ಬರೆದುಕೊಳ್ಳಿ. ಪಂಕ್ತಿಯಲ್ಲಿ ಕೂತವರು ಯಾರು ಯಾರೆಂದು ಫೈಲು ಹೇಳುವುದಿಲ್ಲ.